ಬಾಗಿಲು ಹಿಡಿದವಳ ಹೆಸರು

ಕಂಪನಿಗಳ ಕಂಪ್ಯೂಟರಿಗೆ ಕಳ್ಳರು ಎಲ್ಲಿಂದ ನುಗ್ಗಬಹುದೆಂದು ತಾನೇ ಮೊದಲು ನುಗ್ಗಿ ತೋರಿಸುವುದು ಅವಳ ಕಸುಬು. ಅದರಲ್ಲೇ ಪಳಗಿ, ಆ ವಿದ್ಯೆಯ ಮೇಲೆ ಎರಡು ದಪ್ಪ ಪುಸ್ತಕ ಬರೆದಿದ್ದಳು. "ನಮ್ಮ ಸೊಸೆಗೆ ಸಂಬಳ ಕೊಟ್ಟು ಕಳ್ಳತನ ಮಾಡಿಸ್ತಾರೆ," ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುವರು. ಹೇಳುವಾಗ ಮುಖದ ತುಂಬ ಹೆಮ್ಮೆ. ಗಂಡ ಹಡಗಿನ ಕೆಲಸದವನು. ವರ್ಷದ ಬಹುಭಾಗ ನೀರಿನ ಮೇಲೆ. ಹಾಗಾಗಿ ಮನೆಯಲ್ಲಿ ಅತ್ತೆ ಸೊಸೆಯರದೇ ದರ್ಬಾರು.

ಮೂರನೆಯ ಪುಸ್ತಕ ಮುಗಿಯುತ್ತ ಬಂದಾಗ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಕರೆಸಿತು. ವಾರವೆಲ್ಲ ಹೊರಗಿನಿಂದ ತಡಕಾಡಿದರೂ ಒಂದು ಸಂದೂ ಸಿಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ದೊಡ್ಡ ರಟ್ಟಿನ ಡಬ್ಬವನ್ನು ಎರಡೂ ಕೈಯಲ್ಲಿ ಹೊತ್ತು ಹಿಂಬಾಗಿಲಲ್ಲಿ ನಿಂತಳು. ಕಾರ್ಡು ತೋರಿಸದೆ ತೆರೆಯದ ಬಾಗಿಲು ಅದು. ಪಾಳಿ ಮುಗಿಸಿ ಹೊರಗೆ ಬರುತ್ತಿದ್ದ ನರ್ಸೊಬ್ಬಳು, "ಅಯ್ಯೋ, ಭಾರ ಇದೆಯೇನೋ, ಬನ್ನಿ ಬನ್ನಿ," ಎಂದು ಬಾಗಿಲು ಹಿಡಿದಳು. ಸಾಲದ್ದಕ್ಕೆ ಲಿಫ್ಟಿನವರೆಗೂ ಬಂದು ಗುಂಡಿ ಒತ್ತಿಕೊಟ್ಟಳು. ಡಬ್ಬದಲ್ಲಿದ್ದದ್ದು ಹಳೆಯ ಪೇಪರು. ಮೇಲೆ ಯಾರೂ ಇಲ್ಲದ ಮೇಜೊಂದರ ಕಂಪ್ಯೂಟರಿನ ಮುಂದೆ ಕೂತಳು, ಸ್ವಲ್ಪ ಹೊತ್ತಿಗೆಲ್ಲ ರೋಗಿಗಳ ವಿವರವೆಲ್ಲ ಅವಳ ಕಣ್ಣೆದುರಿತ್ತು.

ಸಂಜೆ ಅದೇ ಹುರುಪಿನಲ್ಲಿ ಹೊಸ ಅಧ್ಯಾಯ ಬರೆದು ಅತ್ತೆಗೆ ಓದಿ ಹೇಳಿದಳು. ಎಂಥ ಕೋಟೆಯನ್ನಾದರೂ ಒಬ್ಬ ದಡ್ಡ ನೌಕರ ಕೆಡವಬಲ್ಲ ಎಂಬುದು ಅದರ ಮೊದಲ ಸಾಲು.

ಅತ್ತೆ ನಗಲಿಲ್ಲ. "ಆ ದಡ್ಡಿ ನಾನೇ ಕಣೇ. ಕೈತುಂಬ ಹೊತ್ಕೊಂಡು ನಿಂತೋರನ್ನ ಕಂಡೂ ಕಾಣದಂಗೆ ನಾನು ಹೋಗ್ತಿದ್ನಾ?"

"ಅತ್ತೆ, ನಿಯಮ ಅಂತ ಒಂದಿರುತ್ತೆ."

"ಇರ್ಲಿ. ನೀನು ಒಳಗೆ ಹೋಗಿದ್ದು ಅವಳ ಒಳ್ಳೇತನದಿಂದ. ಅದನ್ನಾದ್ರೂ ಸರಿಯಾಗಿ ಬರಿ."

ಅವಳಿಗೆ ಸ್ವಲ್ಪ ಕೋಪವೇ ಬಂತು. ಆದರೆ ವರದಿ ಒಪ್ಪಿಸಲು ಹೋದ ದಿನ ಆಸ್ಪತ್ರೆಯ ನಿರ್ದೇಶಕರು ಪುಟ ತಿರುವುತ್ತ, "ಬಾಗಿಲು ಹಿಡಿದೋರು ಯಾರು? ಹೆಸರೇ ಇಲ್ವಲ್ಲ," ಎಂದಾಗ ಅತ್ತೆಯ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು.

"ಹೆಸರು ಯಾಕೆ ಸಾರ್? ಅಲ್ಲಿ ಯಾರಿದ್ರೂ ಹಿಡೀತಿದ್ರು."

"ಒಬ್ಬರನ್ನ ಮನೆಗೆ ಕಳಿಸಿದ್ರೆ ಉಳಿದೋರಿಗೆ ಬುದ್ಧಿ ಬರುತ್ತೆ. ಕ್ಯಾಮೆರಾದಲ್ಲಿ ನೋಡ್ತೀನಿ ಬಿಡಿ."

"ಆ ಬಾಗಿಲಿಗೆ ಕ್ಯಾಮೆರಾ ಇಲ್ಲ. ಅದೂ ವರದಿಯಲ್ಲಿದೆ."

ನರ್ಸಿನ ಸಮವಸ್ತ್ರದ ಮೇಲಿದ್ದ ಹೆಸರು ಅವಳಿಗೆ ಚೆನ್ನಾಗಿ ನೆನಪಿತ್ತು. ಮುಂದಿನ ಕೆಲಸವೂ ತನಗೇ ಬರಬೇಕಾದರೆ ಅದನ್ನು ಹೇಳಬೇಕೆಂಬುದೂ ಅರ್ಥವಾಗಿತ್ತು. "ಹೆದರಿಸಿದ್ರೆ ನಾಳೆ ನಿಜವಾದ ಕಳ್ಳ ಬಂದಾಗಲೂ ಯಾರೂ ಬಾಯಿ ಬಿಡಲ್ಲ ಸಾರ್," ಎಂದು ಎದ್ದುಬಿಟ್ಟಳು. ಕೆಲಸ ಬೇರೆಯವರ ಪಾಲಾಯಿತು.

ಮನೆಗೆ ಬಂದು ಜೋಲುಮೋರೆ ಹಾಕಿಕೊಂಡು ಕೂತವಳ ತಲೆ ಸವರಿ ಅತ್ತೆ, "ಹೋಗ್ಲಿ ಬಿಡು, ನಿನಗೇನು ಕೆಲಸಕ್ಕೆ ಬರವಾ?" ಎಂದರು. ಅವಳು ಬರೆದಿದ್ದ ಅಧ್ಯಾಯವನ್ನು ಅಳಿಸಿಹಾಕಿದಳು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಮಾತ್ರ ತಿಳಿಯಲಿಲ್ಲ.

ಕೆಲವು ವಾರದ ಮೇಲೆ ಆ ನರ್ಸೇ ಫೋನು ಮಾಡಿದಳು. "ಡಬ್ಬ ಹೊತ್ಕೊಂಡು ಬಂದೋರು ನೀವೇ ಅಂತೆ. ನಂಬಿಸಿ ಕೈಕೊಟ್ರಲ್ಲ ಅಂತ ಸಿಟ್ಟಿತ್ತು. ಆಮೇಲೆ, ಕೇಳಿದ್ರೂ ನೀವು ನನ್ನ ಹೆಸರು ಹೇಳ್ಲಿಲ್ಲ ಅಂತ ಆಫೀಸಿನೋರಿಂದ ಗೊತ್ತಾಯ್ತು."

"ಸಿಟ್ಟು ಬರೋದೇ. ತಪ್ಪಾಯ್ತಮ್ಮ."

"ಅಷ್ಟಕ್ಕೇ ಬಿಡಲ್ಲ. ನಮ್ಮ ನರ್ಸುಗಳ ಸಂಘಕ್ಕೆ ಬಂದು ಹೇಳ್ಕೊಡಿ, ಎದುರಿಗಿರೋರ ಮನಸ್ಸು ನೋಯಿಸದೆ ಬಾಗಿಲು ಮುಚ್ಚೋದು ಹೇಗೆ ಅಂತ."

ಎರಡು ಪುಸ್ತಕ ಬರೆದವಳಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಆದರೂ ಹೋದಳು, ಅತ್ತೆಯೂ ಹಟ ಹಿಡಿದು ಜೊತೆಗೆ ಬಂದರು. ಸಂಘದ ಕೋಣೆಯ ಬಾಗಿಲಲ್ಲೇ ನಾಟಕ ಶುರುವಾಯಿತು. ಅವಳು ಡಬ್ಬ ಹೊತ್ತು ಬರುವುದು, ನರ್ಸುಗಳು ಒಬ್ಬೊಬ್ಬರಾಗಿ ತಡೆಯುವುದು. ಒಬ್ಬಳು ಪೊಲೀಸಿನಂತೆ ಗದರಿದಳು, ಇನ್ನೊಬ್ಬಳು ನಗು ತಡೆಯಲಾರದೆ ಒಳಗೇ ಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಅಂದು ಬಾಗಿಲು ಹಿಡಿದಿದ್ದವಳೇ ಮುಂದೆ ಬಂದು ಎರಡೂ ಕೈ ಚಾಚಿದಳು.

"ಡಬ್ಬ ನಾನು ಹಿಡ್ಕೋತೀನಿ, ಕೊಡಿ. ನೀವು ನಿಧಾನಕ್ಕೆ ಕಾರ್ಡು ತೆಗೆದು ತೋರ್ಸಿ."

ಅವಳ ಬಳಿ ಕಾರ್ಡಿರಲಿಲ್ಲ. ಡಬ್ಬವೂ ನರ್ಸಿನ ಕೈ ಸೇರಿತ್ತು. ಬಾಗಿಲು ಮುಚ್ಚಿಯೇ ಇತ್ತು. ಅಷ್ಟು ಸಂತೋಷದಿಂದ ಅವಳು ಯಾವತ್ತೂ ಸೋತಿರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಅಳಿಸಿದ್ದರ ಜಾಗಕ್ಕೆ ಹೊಸ ಅಧ್ಯಾಯದ ಮೊದಲ ಸಾಲುಗಳನ್ನು ಫೋನಿನಲ್ಲಿ ಬರೆಯತೊಡಗಿದಳು. "ಅಷ್ಟು ಹೊತ್ತು ಒಂದು ಗುಟುಕು ನೀರೂ ಕುಡೀದೆ ಮಾತಾಡಿದ್ಯಲ್ಲ, ಗಂಟಲು ಏನಾಗ್ಬೇಕು," ಎಂದು ಗೊಣಗುತ್ತ ಅತ್ತೆ ಮುಚ್ಚಳ ತಿರುಗಿಸಿ ತೆಗೆದು ನೀರಿನ ಬಾಟಲಿಯನ್ನು ಅವಳ ಕೈಗಿಟ್ಟರು.