ಗಾಳ ಹಾಕುವ ದಿನ

ಏಪ್ರಿಲ್ ಮುಗಿಯುತ್ತ ಬಂದರೂ ಭೋಜಣ್ಣ ಹಿತ್ತಲಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಒಳಗಿದ್ದದ್ದು ನಾಲ್ಕಾರು ಗಾಳದ ಕೋಲುಗಳು ಮಾತ್ರ. ಆದರೂ ಮುಚ್ಚಿದ ಆ ಬಾಗಿಲನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಾಗಲೆಲ್ಲ ಸೊಸೆ ನೇತ್ರಾಳ ಎದೆ ಧಸಕ್ಕೆನ್ನುತ್ತಿತ್ತು.

ಬೇರೆ ವರ್ಷಗಳಲ್ಲಾದರೆ ಮಾರ್ಚ್ ಬಂತೆಂದರೆ ವಿಲಾಯಿತಿಯ ಕ್ವೀನ್ಸ್‌ಬರಿಯ ಆ ಮನೆಯಲ್ಲಿ ಬೇರೆ ಮಾತಿಲ್ಲ. ಈ ಸಲ ಮೀನು ಹಿಡಿಯಲು ಶುರು ಮಾಡುವುದು ಯಾವಾಗ? ಮಗ ವಿಶಾಲ್ ಬಿಸಿಲು ಕಂಡ ಕೂಡಲೇ ಹೊರಡುವವನು, ಅಪ್ಪ ತಡೆಯುವವರು. ನದಿಗಳಿಗಾದರೆ ಸರಕಾರವೇ ವಸಂತದಲ್ಲಿ ಬಾಗಿಲು ಹಾಕಿ ಜೂನ್‌ನಲ್ಲಿ ತೆಗೆಯುತ್ತದೆ, ಅಲ್ಲಿ ಚರ್ಚೆಯಿಲ್ಲ. ಎಡ್ಜ್‌ವೇರ್ ಆಚೆಗೆ ಇವರು ಹೋಗುವ ಕೆರೆಗೆ ಅಂಥ ಕಟ್ಟಳೆಯಿಲ್ಲ, ಹಿಡಿಯುವವನ ಮನಸ್ಸಿಗೆ ಬಿಟ್ಟದ್ದು. ಮನಸ್ಸಿಗೆ ಬಿಟ್ಟದ್ದು ಎಂದರೆ ಜಗಳಕ್ಕೆ ಬಿಟ್ಟದ್ದು ಎಂದೇ ಅರ್ಥ.

ಭೋಜಣ್ಣ ಗಂಗೊಳ್ಳಿಯ ಮೀನುಗಾರರ ಮನೆಯವರು. ಪಾರ್ಕ್ ರಾಯಲ್‌ನ ತಿಂಡಿ ಫ್ಯಾಕ್ಟರಿಯಲ್ಲಿ ಜೀವಮಾನ ಕಳೆದರೂ ಕಡಲಿನ ನಿಯಮ ಬಿಟ್ಟವರಲ್ಲ. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಊರಿನಲ್ಲಿ ದೋಣಿ ಇಳಿಸುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಈ ಕೆರೆಯಲ್ಲಿ ಪರ್ಚ್ ಎಂಬ ಪಟ್ಟೆಪಟ್ಟೆಯ ಮೀನುಂಟು. ಅದು ನೀರಿಗೆ ಬಾಗಿದ ಮರದ ಬೇರುಗಳಿಗೆ ಬಿಳಿ ಲೇಸಿನ ಹಾಗೆ ಮೊಟ್ಟೆ ಸುತ್ತಿಡುತ್ತದೆ. ಆ ಲೇಸು ಕಣ್ಣಿಗೆ ಬೀಳುವ ತನಕ ಗಾಳ ಹಾಕಕೂಡದು. ಹಿಡಿದದ್ದನ್ನು ನೀರಿಗೇ ಬಿಟ್ಟು ಬರಬೇಕೆಂಬ ಇಲ್ಲಿಯ ಪದ್ಧತಿ ಮಾತ್ರ ಅತ್ತೆ ಗುಲಾಬಿಗೆ ಇವತ್ತಿಗೂ ಜೀರ್ಣವಾಗಿಲ್ಲ. "ಹಿಡ್ದ್ ಬಿಡೂದಾರೆ ಹಿಡೂದ್ ಎಂತಕೆ?" ಎಂದು ಪ್ರತಿ ವರ್ಷವೂ ಕೇಳುತ್ತಾರೆ. ಉತ್ತರ ಕೊಡುವ ಧೈರ್ಯ ಯಾರಿಗೂ ಇಲ್ಲ.

ಈ ವರ್ಷ ಅವರೂ ಕೇಳಲಿಲ್ಲ.

ನೇತ್ರಾ ಧಾರವಾಡದವಳು. ಮೀನು ತಿನ್ನುವುದಿರಲಿ, ಮುಟ್ಟಿದವಳೂ ಅಲ್ಲ. ಅವಳಿಗೆ ಈಗ ಆರು ತಿಂಗಳು. ಹೋದ ವರ್ಷ ಇದೇ ಸುಮಾರಿಗೆ ಒಂದು ಕಳೆದುಕೊಂಡಿದ್ದಳು. ಆಗಿನ್ನೂ ಮೂರು ತುಂಬಿರಲಿಲ್ಲ. ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದು ಜಿಪಿ ಡಾಕ್ಟರು ಹೇಳಿದರು. ಆದರೆ ಆ ದಿನ ಬೆಳಿಗ್ಗೆ ಟ್ಯೂಬ್ ರೈಲು ತಪ್ಪುತ್ತದೆಂದು ಸ್ಟೇಷನ್ ಮೆಟ್ಟಿಲು ಹತ್ತಿ ಓಡಿದ್ದು ಜಿಪಿಗೇನು ಗೊತ್ತು? ಧಾರವಾಡದಿಂದ ಅವ್ವ ಫೋನಿನಲ್ಲಿ, "ಒಂದ್ ಕಡೆ ಕುಂಡ್ರೂದು ನಿನಗ ಎಂದ ಬಂದದ?" ಎಂದುಬಿಟ್ಟಿದ್ದಳು. ಡಾಕ್ಟರರ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಅವ್ವನ ಮಾತು ಒಳಗೇ ಕೂತಿತು. ತಾಯಂದಿರಿಗೆ ಆ ಶಕ್ತಿ ಹೇಗೆ ಬರುತ್ತದೋ.

ಶನಿವಾರ ಬೆಳಿಗ್ಗೆ ಭೋಜಣ್ಣನ ಗೆಳೆಯ ಸಂಪತ್ ಫೋನ್ ಮಾಡಿದ. ಸ್ಪೀಕರ್ ಹಾಕಿಯೇ ಮಾತಾಡುವುದು ಭೋಜಣ್ಣನ ಅಭ್ಯಾಸ, ಹಾಗಾಗಿ ಎಲ್ಲರಿಗೂ ಕೇಳಿತು.

"ಭೋಜಣ್ಣ, ಬೇರಿನ ಮೇಲ್ ಮೊಟ್ಟೆ ಕಂಡಿತ್ ಮಾರಾಯ್ರೆ. ಯಾವಾಗ ಬತ್ರಿ?"

"ಈ ವರ್ಷ ನೀರ್ ಇನ್ನೂ ತಣ್ಣಗಿತ್ತ್. ಕಾಂಬ," ಎಂದರು ಭೋಜಣ್ಣ. ಹೀಗೆನ್ನುವಾಗ ಅವರು ಬನಿಯನ್ನಿನಲ್ಲಿ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಗುಲಾಬಿ ಸೊಸೆಯ ಹೊಟ್ಟೆಯ ಕಡೆ ಒಂದು ಸಲ ನೋಡಿ ಥಟ್ಟನೆ ಸಿಂಕಿನ ಕಡೆ ತಿರುಗಿದರು. ನೇತ್ರಾ ಅದನ್ನು ಕಂಡಳು. ಅಂಜಿದವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ಹೋದ ವಾರ ಸ್ಕ್ಯಾನ್ ಮುಗಿದ ಮೇಲೆ ತಾನು ಬಾತ್‌ರೂಮಿಗೆ ಹೋದಾಗ ವಿಶಾಲ್ ಒಳಗೇ ನಿಂತು ಡಾಕ್ಟರ ಹತ್ತಿರ ಮಾತಾಡುತ್ತಿದ್ದನಲ್ಲ? ಏನು ಮಾತು ಅದು? ಮನೆಯವರಿಗೆಲ್ಲ ಏನೋ ಗೊತ್ತಿದೆ. ತನಗೊಬ್ಬಳಿಗೆ ಗೊತ್ತಿಲ್ಲ.

ಮೇಲೆ ಹೋಗಿ ಗಂಡನನ್ನು ಕೇಳಿದಳು. ಅವನು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ಎಲ್ಲಾ ಫೈನ್ ಅಂದ್ರಲ್ಲ ನೇತ್ರಾ. ಪಾರ್ಕಿಂಗ್ ಟಿಕೆಟ್ ಬಗ್ಗೆ ಕೇಳ್ತಿದ್ದೆ," ಎಂದ.

"ಮತ್ತ ಮಾವಾರು ಯಾಕ ಮೀನಿಗೆ ಹೋಗವಲ್ರು?"

"ಅದು... ವೆದರ್."

ಹೊರಗೆ ಬಿಸಿಲು ರಣಗುಡುತ್ತಿತ್ತು. ಕ್ಯಾನರಿ ವಾರ್ಫ್‌ನಲ್ಲಿ ಕೋಟಿಗಟ್ಟಲೆ ವ್ಯವಹಾರ ನೋಡಿಕೊಳ್ಳುವವನಿಗೆ ಮನೆಯಲ್ಲಿ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದು. ನೇತ್ರಾ ಸೀದಾ ಕೆಳಗಿಳಿದಳು. ಹಿತ್ತಲಲ್ಲಿ ಭೋಜಣ್ಣ ಬಸಳೆ ಚಪ್ಪರಕ್ಕೆಂದು ಕೋಲು ನೆಡುತ್ತಿದ್ದರು.

"ಮಾವಾರ, ಖರೇ ಹೇಳ್ರಿ. ಸ್ಕ್ಯಾನ್‌ನ್ಯಾಗ ಏನರ ಕಂಡದೇನ್ರಿ?"

ಭೋಜಣ್ಣನ ಕೈಯಿಂದ ಕೋಲು ಜಾರಿತು. "ಎಂತದೂ ಇಲ್ಲ ಮಗಾ. ಲಾಯ್ಕಿತ್ತ್ ಅಂದಿದ್ರಲ್ಲ. ಎಂತಕ್ ಹೀಂಗ್ ಕೇಂತೆ?"

"ನನ್ನ ಹೊಟ್ಟಿ ನೋಡ್ತೀರಿ, ಸುಮ್ಮನಾಗ್ತೀರಿ. ಶೆಡ್ ಬಾಗಲಾ ತಗೀವಲ್ರಿ. ಏನೂ ಇಲ್ಲಂದ್ರ ಇದೆಲ್ಲಾ ಯಾಕ?"

ಅವರು ಬಿದ್ದ ಕೋಲನ್ನು ಎತ್ತಿ ಬದಿಗಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳತೊಡಗಿದರು. ಹೋದ ವರ್ಷ ಅವರು ಬೇಗ ಶುರು ಮಾಡಿಬಿಟ್ಟಿದ್ದರು. ವಿಶಾಲ್ ಒತ್ತಾಯಿಸಿದ, ಬಿಸಿಲೂ ಚೆನ್ನಾಗಿತ್ತು, ಬೇರಿನಲ್ಲಿ ಮೊಟ್ಟೆ ಕಾಣುವ ಮೊದಲೇ ಗಾಳ ಹಾಕಿದರು.

"ದೊಡ್ ಪರ್ಚ್ ಒಂದ್ ಸಿಕ್ತ್. ಗಾಳ ಒಳಗೆ ನುಂಗಿದ್ದಿತ್. ಬಿಡ್ಸುಕ್ ಹೋದ್ರೆ ನನ್ ಕೈಯಗೇ ಸತ್ತೋಯ್ತ್. ಹೊಟ್ಟೆ ತುಂಬ ಮೊಟ್ಟೆ. ಎಲ್ಲ ಕೈ ಮೇಲ್ ಸೋರ್ತ್." ಭೋಜಣ್ಣ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಬಸ್ರಿ ಇಪ್ಪ ಮನಿಯವ ಬಸ್ರಿ ಮೀನ್ ಕೊಲ್ಲೂಕಾಗ ಅಂದ್ ನನ್ ಅಮ್ಮ ಹೇಳ್ತಿದ್ಲ್. ಅದೇ ವಾರ ನಿಂಗ್ ಹಾಂಗಾಯ್ತ್. ಅದ್ ನನ್ನಿಂದ ಆದ್ದ್ ಮಗಾ."

ನೇತ್ರಾಳಿಗೆ ಮೊದಲು ಬಂದದ್ದು ಸಿಟ್ಟು. ತಾನು ಒಂದು ವರ್ಷದಿಂದ ಹೊತ್ತು ತಿರುಗಿದ ದುಃಖವನ್ನು ಈ ಮನುಷ್ಯ ಒಂದು ಮೀನಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದಾರಲ್ಲ ಎಂಬ ಸಿಟ್ಟು. ಆಮೇಲೆ ಅವರ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ಮನೆಯಲ್ಲಿ ಕುಂಬಳಕಾಯಿ ಕದ್ದವರೇ ಇಲ್ಲ, ಹೆಗಲು ಮುಟ್ಟಿಕೊಳ್ಳುವವರು ಇಬ್ಬರಿದ್ದಾರೆ.

"ಮಾವಾರ, ಅವತ್ತ ನಾ ಟ್ಯೂಬ್ ಹಿಡೀಲಿಕ್ಕೆ ಓಡಿದ್ದೆ," ಎಂದಳು. ಗಂಡನಿಗೂ ಹೇಳದ ಮಾತು ಹೊರಗೆ ಬಿತ್ತು. "ಅದಕ್ಕ ಹೋತು ಅನ್ಕೊಂಡೀನಿ ನಾ."

"ಓಡ್ರೆ ಹೋತಾ ಹೆಣ್ಣೆ?" ಭೋಜಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. "ವಿಶಾಲ ಹೊಟ್ಟೇಲ್ ಇಪ್ಪತಿಗೆ ನಿನ್ ಅತ್ತೆ ಮೀನಿನ ಬುಟ್ಟಿ ತಲಿ ಮೇಲ್ ಇಟ್ಕಂಡ್ ಬಸ್ಸಿಗ್ ಓಡ್ತಿದ್ಲ್. ನಿನ್ನಿಂದ ಎಂತದೂ ಆಯ್ಲಿಲ್ಲ. ಆ ಮಾತ್ ಬಿಡ್."

"ನನ್ನಿಂದ ಆಗಿಲ್ಲಂದ್ರ ನಿಮ್ಮಿಂದನೂ ಆಗಿಲ್ಲ."

"ನಂದ್ ಬೇರೆ."

"ಹೆಂಗ ಬ್ಯಾರೆ ಆಗ್ತದ್ರಿ? ಕೆರ್‍ಯಾಗ ಸತ್ತ ಮೀನು ನನ್ನ ಹೊಟ್ಟೀಗೆ ಹತ್ತತದ ಅಂದ್ರ, ನಾ ಓಡಿದ್ದು ಹತ್ತೂದಿಲ್ಲೇನು? ಅದು ಖರೇ ಅಂದ್ರ ಇದೂ ಖರೇ. ನನ್ನ ತಪ್ಪಿಲ್ಲ ಅಂತ ಬಾಯ್ಲೆ ಅಂತೀರಿ, ಶೆಡ್ಡಿಗೆ ಕೀಲಿ ಹಾಕ್ತೀರಿ. ನಾ ಯಾವುದನ್ನ ನಂಬಲಿ?"

ಭೋಜಣ್ಣ ಇನ್ನೊಂದು ಕೋಲು ಎತ್ತಿಕೊಳ್ಳಲು ಬಗ್ಗಿದರು. ನೇತ್ರಾ ಬಿಡಲಿಲ್ಲ.

"ನಾಳೆ ಹೋಗ್ರಿ ಮೀನಿಗೆ. ನಾನೂ ಬರ್ತೀನಿ."

"ಬೇಡ ಹೆಣ್ಣೆ. ಹೆರ್ಗಿ ಆಯ್ಲಿ. ಮತ್ತೆ ಕಾಂಬ."

"ಅಲ್ಲೀತನಕ ದಿನಾ ಆ ಬಾಗಲಾ ನೋಡ್ಕೊಂತ ಅಂಜಬೇಕೇನ್ರಿ ನಾ?"

ಮರುದಿನ ಭಾನುವಾರ. ಗುಲಾಬಿ ಬೆಳಿಗ್ಗೆಯೇ ದೇವರ ಮುಂದೆ ಎರಡನೆಯ ಸಲ ದೀಪ ಹಚ್ಚಿದರು. ಕಾರು ಓಡಿಸಿಕೊಂಡು ಬಂದ ವಿಶಾಲ್ ಕೆರೆಯ ಬಳಿ ಕೆಳಗಿಳಿಯಲೇ ಇಲ್ಲ. ಒಳಗೇ ಕೂತು ಸ್ಟಿಯರಿಂಗ್ ಹಿಡಿದುಕೊಂಡಿದ್ದ, ಯಾವ ಗಳಿಗೆಯಲ್ಲಾದರೂ ಆಸ್ಪತ್ರೆಗೆ ಹೊರಡಬೇಕಾಗಬಹುದು ಎನ್ನುವವನಂತೆ. ನೇತ್ರಾ ಮಡಚುವ ಕುರ್ಚಿಯಲ್ಲಿ ಕೂತಳು. ನಿನ್ನೆಯ ಧೈರ್ಯ ಎಲ್ಲಿಗೋ ಹೋಗಿತ್ತು.

ಭೋಜಣ್ಣ ಬೇರುಗಳ ಹತ್ತಿರ ಮಂಡಿಯೂರಿ ನೋಡಿದರು. ಸಂಪತ್ ಹೇಳಿದ್ದು ನಿಜ, ಬಿಳಿ ಪಟ್ಟಿಗಳು ನೀರಿನೊಳಗೆ ತೂಗುತ್ತಿದ್ದವು. ಅವರ ನಿಯಮದ ಪ್ರಕಾರ ಇದೇ ಸರಿಯಾದ ದಿನ. ಆದರೂ ಹುಳು ಚುಚ್ಚಿದ ಮೇಲೆ ಗಾಳ ಹಾಕದೆ ಸೊಸೆಯ ಕಡೆ ತಿರುಗಿದರು. ನೇತ್ರಾ ಹೂಂ ಎಂದು ತಲೆಯಾಡಿಸಿದಳು. ಗಾಳ ಹಾಕಿದರು.

ತೇಲುಬೆಂಡು ಮುಳುಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂಗೈಯಗಲದ ಪರ್ಚ್ ಮೇಲೆ ಬಂತು. ಹೊಟ್ಟೆ ಒಳಗೆ ಹೋಗಿತ್ತು, ಮೊಟ್ಟೆಯಿಟ್ಟು ಖಾಲಿಯಾದ ಮೀನು. ಗಾಳ ತುಟಿಯಂಚಿನಲ್ಲಿ ಮಾತ್ರ ಸಿಕ್ಕಿತ್ತು. ಅಷ್ಟು ಸುಲಭದ್ದನ್ನು ಬಿಡಿಸಲು ಭೋಜಣ್ಣನ ಬೆರಳುಗಳಿಗೆ ಆಗಲಿಲ್ಲ. ಮೀನು ಒದ್ದಾಡಿತು, ಅವರು ಇನ್ನಷ್ಟು ತಡಬಡಿಸಿದರು.

ನೇತ್ರಾ ಎದ್ದಳು. ಮಾವ ಮಾಡಿದ ಹಾಗೆಯೇ ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದಳು. ತಣ್ಣಗೆ, ಜಾರುಜಾರಾಗಿ, ಅದರ ಇಡೀ ಮೈ ಒಂದೇ ನಾಡಿಯಾಗಿ ಬಡಿದುಕೊಳ್ಳುತ್ತಿತ್ತು. "ತಗೀರಿ ಈಗ," ಎಂದಳು. ಗಾಳ ಬಿಟ್ಟಿತು. ಅವಳೇ ಬಗ್ಗಿ ಅದನ್ನು ನೀರಿಗೆ ಬಿಟ್ಟಳು. ಒಂದು ಗಳಿಗೆ ಓರೆಯಾಗಿ ನಿಂತು, ಬಾಲ ಬೀಸಿ ಹೋಯಿತು.

"ಹೊಟ್ಟೇಲ್ ಎಂತ ಮಗಾ?" ಭೋಜಣ್ಣ ಮೆಲ್ಲಗೆ ಕೇಳಿದರು. "ಹಂದಾಡ್ತಿತ್ತಾ?"

ನೇತ್ರಾ ಒದ್ದೆ ಕೈಯನ್ನೇ ಹೊಟ್ಟೆಯ ಮೇಲಿಟ್ಟುಕೊಂಡಳು. ಬೆಳಿಗ್ಗೆ ಕಾರು ಹತ್ತುವಾಗ ಮಗು ಆಡಿದ್ದು, ಆಮೇಲೆ ಸದ್ದಿಲ್ಲ. ಸಾಮಾನ್ಯವಾಗಿ ಊಟವಾದ ಮೇಲೆಯೇ ಆಡುವುದು, ಅದು ಗೊತ್ತು. ಗೊತ್ತಿದ್ದರೂ ಭಯವಾಯಿತು. ಹೂಂ ಎಂದು ಸುಳ್ಳು ಹೇಳಿದ್ದರೆ ಮಾವನ ಜೀವ ಹಗುರಾಗುತ್ತಿತ್ತು. ಆದರೆ ಆಗ ಅವರ ನೆಮ್ಮದಿಯೆಲ್ಲ ಮತ್ತೆ ಅವಳ ಹೊಟ್ಟೆಯ ಮೇಲೆಯೇ ನಿಲ್ಲುತ್ತಿತ್ತು.

"ಈಗ ಇಲ್ರಿ. ಮಕ್ಕೊಂಡದ," ಎಂದು ಕುರ್ಚಿಗೆ ಮರಳಿ ಕೂತಳು. "ನೀವು ಇನ್ನೊಮ್ಮೆ ಹಾಕ್ರಿ."

ಭೋಜಣ್ಣ ಕಾರಿನ ಕಡೆ ನೋಡಿದರು, ನೀರಿನ ಕಡೆ ನೋಡಿದರು. ಆಮೇಲೆ ಹೊಸ ಹುಳು ಚುಚ್ಚಿ ಗಾಳ ಹಾಕಿದರು.