ಟ್ರೇಲರ್‌ನ ಚಾಪೆ ಎತ್ತಿ ನೋಡಿ

ಕಾಯಿಲೆ ಬಿದ್ದ ಹಸುವನ್ನು ಗಾಡಿ ಹತ್ತಿಸುವುದು ಎಂಥ ಕಷ್ಟ ಎಂದು ಹಸು ಕಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಮುಂದೆ ಒಬ್ಬರು ಹಗ್ಗ ಎಳೆಯಬೇಕು, ಹಿಂದೆ ಇಬ್ಬರು ತಳ್ಳಬೇಕು. ಪಕ್ಕದಲ್ಲಿ ಕೈ ಕಟ್ಟಿ ನಿಂತು ಬುದ್ಧಿ ಹೇಳುವುದಕ್ಕೆ ನಾಲ್ಕು ಜನ ಇದ್ದೇ ಇರುತ್ತಾರೆ. ಆವತ್ತು ಬೈರಮ್ಮನ ಸೀಮೆಹಸು ಮುನಿವೆಂಕಟಮ್ಮನ ಟ್ರೇಲರ್ ಮುಂದೆ ನಿಂತವಳು ನಿಂತೇಬಿಟ್ಟಳು. ಮುಂಗಾಲು ಇಡುತ್ತಾಳೆ, ತಳ ಒಂಚೂರು ಅದುರುತ್ತದೆ, ಕಾಲು ಹಿಂದಕ್ಕೆ ತೆಗೆಯುತ್ತಾಳೆ.

"ಯಾರದೋ ಕಣ್ಣು ಬಿದ್ದೈತೆ ಕಣೆ ನಿನ್ನ ಗಾಡಿಗೆ" ಅಂದಳು ಬೈರಮ್ಮ. ಟ್ರೇಲರ್ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾಯಿತು. ಹಸು ನಿಂಬೆಹಣ್ಣನ್ನು ಮೂಸಿ ನೋಡಿತೇ ಹೊರತು ಹತ್ತಲಿಲ್ಲ.

ಮುನಿವೆಂಕಟಮ್ಮನನ್ನು ಕಾಣದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ತೂಬಗೆರೆ ದಾರಿಯಲ್ಲಿ, ಊರಿನಿಂದ ಆಚೆ, ಹೊಲದ ಅಂಚಿಗೆ ಅವಳದೊಂದೇ ಮನೆ. ಮಕ್ಕಳಿಲ್ಲ. ಗಂಡ ಅಪ್ಪಯ್ಯಣ್ಣ ತೀರಿಕೊಂಡು ಎರಡು ವರ್ಷ ಆಗುತ್ತ ಬಂತು. ದೇವನಹಳ್ಳಿ ಕಡೆ ಕುದುರೆ ಸಾಕುತ್ತಿದ್ದ ಯಾವುದೋ ಫಾರಂ ಮುಚ್ಚಿದಾಗ ಅಪ್ಪಯ್ಯಣ್ಣ ಅಲ್ಲಿಂದ ಈ ಹಳೆಯ ಅಲ್ಯೂಮಿನಿಯಂ ಟ್ರೇಲರ್ ತಂದಿದ್ದ. ಟ್ರ್ಯಾಕ್ಟರ್‌ಗೆ ತಗುಲಿಸಿಕೊಂಡು ಸುತ್ತಲ ಹಳ್ಳಿಯ ದನಗಳನ್ನು ಪಶು ಆಸ್ಪತ್ರೆಗೆ ಸಾಗಿಸುತ್ತಿದ್ದ. ಹೆಂಡತಿಗೂ ಟ್ರ್ಯಾಕ್ಟರ್ ಓಡಿಸುವುದನ್ನು ಕಲಿಸಿದ್ದ. ಅವನು ಹೋದ ಮೇಲೆ ಅವಳೇ ಓಡಿಸುತ್ತಾಳೆ. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಮೂಗು ಮುರಿದವರೂ ತಮ್ಮ ಹಸು ನೆಲ ಹಿಡಿದು ಮಲಗಿದಾಗ ಅವಳ ಬಾಗಿಲಿಗೇ ಓಡಿ ಬಂದರು.

ಬಂದರು ಅಂದರೆ ಹಸುವಿಗೆ ಕಾಯಿಲೆ ಆದಾಗ ಮಾತ್ರ ಬಂದರು. ಹಸು ನೆಟ್ಟಗಾದರೆ ಆ ಕಡೆ ತಲೆ ಹಾಕುವವರಿಲ್ಲ. ಹೇಳಿಕೊಳ್ಳಲು ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ: ಯಾರದೋ ಹಸುವಿಗೆ ಹೊಟ್ಟೆ ಉಬ್ಬರ ಎಂದು ಫೋನ್ ಬಂದರೆ ಮುನಿವೆಂಕಟಮ್ಮನಿಗೆ ಒಳಗೊಳಗೇ ಸಮಾಧಾನ ಆಗುತ್ತಿತ್ತು. ಅಂಗಳದಲ್ಲಿ ಮನುಷ್ಯರ ದನಿ ಕೇಳುತ್ತದಲ್ಲ, ಅದಕ್ಕೆ.

ಆವತ್ತು ಹಸು ಹತ್ತಲಿಲ್ಲ ಎಂದಾಗ ಬೈರಮ್ಮ ಪಶುಸಖಿ ಮಮತಳಿಗೆ ಫೋನ್ ಮಾಡಿದಳು. ಪಶುಸಖಿ ಅಂದರೆ ದನಕರುಗಳ ಆರೈಕೆಯಲ್ಲಿ ತರಬೇತಿ ಪಡೆದು ಮನೆಮನೆಗೆ ಬರುವ ನಮ್ಮ ಸಂಘದ ಹೆಣ್ಣುಮಗಳು. ಮಮತ ಸ್ಕೂಟರ್ ನಿಲ್ಲಿಸಿದವಳೇ ಹಸುವಿನ ಕಿವಿ ಮುಟ್ಟಿ ನೋಡಿದಳು. ಆಮೇಲೆ ಹಸುವನ್ನು ಬಿಟ್ಟು ಟ್ರೇಲರ್ ಕೆಳಗೆ ಬಗ್ಗಿದಳು.

"ಮುನಿಯಕ್ಕ, ಒಳಗಿನ ರಬ್ಬರ್ ಚಾಪೆ ಎತ್ತಿ ಎಷ್ಟು ದಿನ ಆಯ್ತು?"

"ಅದನ್ನ ಯಾಕೆ ಎತ್ತಬೇಕು? ದಿನಾ ಮೇಲಿಂದ ನೀರು ಹೊಯ್ತೀನಿ."

"ಮೇಲಿಂದ ಹೊಯ್ದ್ರೆ ಗಂಜಲ ಎಲ್ಲಾ ಚಾಪೆ ಕೆಳಗೆ ಹೋಗಿ ಕೂತ್ಕೊಳ್ಳುತ್ತೆ ಕಣಕ್ಕ. ಇಲ್ಲಿ ಬಗ್ಗಿ ನೋಡು."

ಮಮತ ಸ್ಕ್ರೂಡ್ರೈವರ್ ತುದಿಯಿಂದ ತಳವನ್ನು ಕೆದಕಿದಳು. ಬಿಳಿ ಪುಡಿ ಸುಣ್ಣದ ಹಾಗೆ ಉದುರಿತು. ನಡುವೆ ಮಾತ್ರ ಒಂದು ದಪ್ಪ ಕಬ್ಬಿಣದ ಪ್ಲೇಟು ಗಟ್ಟಿಯಾಗಿ ಕೂತಿತ್ತು.

ಆ ಪ್ಲೇಟು ಹಾಕಿದವನು ಅಪ್ಪಯ್ಯಣ್ಣ. ನಮ್ಮ ಸೀಮೆಯಲ್ಲಿ ಇದೊಂದು ರೂಢಿ. ದೊಡ್ಡಬಳ್ಳಾಪುರದಲ್ಲಿ ಹಳೆಯ ವಿದ್ಯುತ್ ಮಗ್ಗ ಗುಜರಿಗೆ ಬಿದ್ದರೆ ಅದರ ಕಬ್ಬಿಣ ಊರೂರಿಗೆ ಹಂಚಿಹೋಗುತ್ತದೆ, ಗೇಟಿಗೆ, ಕೋಳಿಗೂಡಿಗೆ, ಗಾಡಿ ತಳಕ್ಕೆ. ಮಗ್ಗದ ಕಬ್ಬಿಣಕ್ಕೆ ಸಾವಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ಟ್ರೇಲರ್ ತಳ ಬಿರುಕು ಬಿಟ್ಟಾಗ ಅಪ್ಪಯ್ಯಣ್ಣನೂ ಅದನ್ನೇ ತಂದು, ತೂತು ಕೊರೆದು, ಬೋಲ್ಟ್ ಬಿಗಿದಿದ್ದ.

"ಕಬ್ಬಿಣ, ಅಲ್ಯೂಮಿನಿಯಂ ಒಂದಕ್ಕೊಂದು ಅಂಟ್ಕೊಂಡು ಇರಬಾರದು ಅಕ್ಕ" ಅಂದಳು ಮಮತ. "ಮಧ್ಯೆ ಗಂಜಲ ಸೇರ್ಕೊಂಡ್ರೆ ಕಬ್ಬಿಣ ಹಂಗೇ ಇರುತ್ತೆ, ಸುತ್ತ ಇರೋ ಅಲ್ಯೂಮಿನಿಯಂ ತಿಂದ್ಹೋಗುತ್ತೆ. ಪ್ಲೇಟು ಗಟ್ಟಿ ಐತೆ, ಅದು ಹಿಡ್ಕೊಂಡಿರೋ ಜಾಗನೇ ಟೊಳ್ಳು. ಸಾಸಲು ಕಡೆ ಒಂದು ಹಸು ಹಿಂಗೇ ದಾರೀಲಿ ಕಾಲು ಮುರ್ಕೊಂಡ್ತು. ಈ ಪ್ಲೇಟು ತೆಗೆಸಿ ಸರಿಯಾಗಿ ವೆಲ್ಡಿಂಗ್ ಮಾಡಿಸ್ಬೇಕು."

"ಕಬ್ಬಿಣಕ್ಕಿಂತ ಗಟ್ಟಿ ಯಾವುದೈತೆ? ನಾನು ನೋಡದೇ ಇರೋ ಗಾಡಿನಾ ಇದು?"

"ಅಕ್ಕ, ನಾನು ಹೇಳೋದು..."

"ಅದು ಅವರ ಕೈಯಾರೆ ಹಾಕಿದ್ದು. ಅದನ್ನ ಯಾರೂ ಮುಟ್ಟಕೂಡದು."

ಇಲ್ಲಿ ಸಮಸ್ಯೆ ಲೋಹದ್ದಲ್ಲ ಎಂದು ಮಮತಳಿಗೆ ಅರ್ಥವಾಯಿತು. ಅವಳು ಸ್ಕ್ರೂಡ್ರೈವರ್ ಒಳಗಿಟ್ಟುಕೊಂಡಳು. ಬೈರಮ್ಮ ದೊಡ್ಡಬಳ್ಳಾಪುರದಿಂದ ಗೂಡ್ಸ್ ಗಾಡಿ ತರಿಸಿ ಹಸುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಊರಿನಲ್ಲಿ ಮಾತಿಗೆ ಕಾಲು ಬರುವುದು ಬೇಗ. ಮುನಿಯಕ್ಕನ ಗಾಡಿ ತಳ ಹೋಗಿದೆಯಂತೆ ಎಂದು ಮನೆಮನೆಗೂ ತಿಳಿಯಿತು. ಫೋನ್ ನಿಂತುಹೋಯಿತು. ಮೊದಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ ಸಿಟ್ಟೂ ಹೋಯಿತು, ಬರೀ ಸುಮ್ಮನಿರುವುದು ಉಳಿಯಿತು. ಬೆಳಿಗ್ಗೆ ಮುದ್ದೆ ಮಾಡಿ ಒಬ್ಬಳೇ ಉಣ್ಣುವಳು. ಫೋನ್ ಕೆಟ್ಟಿರಬಹುದು ಎಂದು ಕಂಪನಿಯ ನಂಬರಿಗೆ ತಾನೇ ಫೋನ್ ಮಾಡಿ, ಆ ಕಡೆಯ ರೆಕಾರ್ಡಿಂಗ್ ಹೆಂಗಸು ಮಾತಾಡುವುದನ್ನು ಕೊನೆಯವರೆಗೂ ಕೇಳುವಳು. ತೀರಾ ಬೇಸರವಾದರೆ ಖಾಲಿ ಟ್ರೇಲರ್ ತೊಳೆಯುವಳು.

ಹಾಗೆ ಒಂದು ಮಧ್ಯಾಹ್ನ ಬಕೆಟ್ ಹಿಡಿದು ಟ್ರೇಲರ್ ಹತ್ತಿದವಳಿಗೆ ಏನನ್ನಿಸಿತೋ, ಚಾಪೆಯನ್ನು ಹಿಡಿದು ಎಳೆದಳು. ಅಡಿಯಿಂದ ಬಂದ ವಾಸನೆಗೆ ಮುಖ ತಿರುಗಿಸಿ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಳು. ಪ್ಲೇಟಿನ ಅಂಚು ಪಟ್ಟನೆ ಬಿಟ್ಟುಕೊಂಡಿತು, ಬಲಗಾಲು ಮೊಣಕಾಲಿನವರೆಗೂ ಕೆಳಗೆ ಇಳಿಯಿತು. ಹರಿದ ಅಲ್ಯೂಮಿನಿಯಂ ಬ್ಲೇಡಿನಷ್ಟು ಹರಿತ. ಮೇಲೆ ಎಳೆದುಕೊಂಡರೆ ಕುಯ್ಯುತ್ತದೆ, ಸುಮ್ಮನಿದ್ದರೆ ರಕ್ತ ಒಸರುತ್ತದೆ.

ಅವಳು ಕೂಗಿದಳು. ಫೋನ್ ಮನೆಯೊಳಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿಗೆ ಅವಳ ದನಿ ಎಲ್ಲಿ ಕೇಳಬೇಕು? ಬಿಸಿಲು ಟ್ರೇಲರ್ ಬಾಗಿಲಿನಿಂದ ಒಳಗೆ ಬಂದು ನಿಧಾನವಾಗಿ ಅವಳ ಮೈಮೇಲೆ ಸರಿಯಿತು. ಅವಳಿಗೆ ನಿಜವಾಗಿ ಭಯವಾದದ್ದು ಕಾಲಿನ ವಿಷಯಕ್ಕಲ್ಲ. ತಾನು ಇವತ್ತು ಇಲ್ಲೇ ಉಳಿದುಬಿಟ್ಟರೆ, ತನ್ನನ್ನು ಹುಡುಕಿಕೊಂಡು ಬರುವವರು ಯಾರು ಎಂದು ಲೆಕ್ಕ ಹಾಕಿದಳು. ಒಂದು ಹೆಸರೂ ಹೊಳೆಯಲಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂತು. ನನಗಾದರೂ ಬಾಯಿದೆ, ಓಡುವ ಗಾಡಿಯೊಳಗೆ ಹಸುವಿನ ಕಾಲು ಹೀಗೆ ಇಳಿದಿದ್ದರೆ ಟಾರು ರಸ್ತೆಗೆ ಉಜ್ಜಿಕೊಂಡು ಹೋಗುತ್ತಿತ್ತಲ್ಲ, ಟ್ರ್ಯಾಕ್ಟರ್ ಸದ್ದಿನಲ್ಲಿ ನನಗೆ ತಿಳಿಯುತ್ತಲೂ ಇರಲಿಲ್ಲ.

ಹುಲ್ಲು ಹೊತ್ತು ಆ ದಾರಿಯಲ್ಲಿ ಬಂದ ಬೈರಮ್ಮ ಅವಳನ್ನು ಕಂಡಾಗ ನೆರಳು ಉದ್ದವಾಗಿತ್ತು. ಬೈರಮ್ಮ ಬೈದುಕೊಂಡೇ ಹರಿದ ತಗಡು ಬಗ್ಗಿಸಿ ಕಾಲು ಬಿಡಿಸಿ, ಮಮತಳಿಗೆ ಫೋನ್ ಮಾಡಿದಳು. ಮಮತಳ ಸ್ಕೂಟರ್‌ನಲ್ಲಿ ಆಸ್ಪತ್ರೆಗೆ ಹೋಗಿ ಹೊಲಿಗೆ, ಧನುರ್ವಾಯು ಇಂಜೆಕ್ಷನ್ ಎರಡೂ ಆದವು.

"ನಿನ್ನ ಮಾತು ಕೇಳ್ಬೇಕಿತ್ತು ಕಣವ್ವ" ಎಂದು ಮುನಿವೆಂಕಟಮ್ಮ ಮಮತಳಿಗೆ ಅಂದಳು. "ಅವರು ತಪ್ಪು ಮಾಡಿದ್ರು ಅಂತ ಒಪ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ."

"ಅವರದ್ದೇನು ತಪ್ಪು? ಗೊತ್ತಿದ್ದಷ್ಟು ಮಾಡಿದ್ರು. ಇವತ್ತು ಅವರಿಗೇ ಗೊತ್ತಾಗಿದ್ರೆ ಅವರೇ ಬಿಚ್ಚಿ ಹಾಕ್ತಿದ್ರು."

ಗಾಯ ಒಂದಿಷ್ಟು ಮಾಗಿದ ಮೇಲೆ ಮಮತ ಹೇಳಿದಂತೆ ಟ್ರೇಲರ್ ತಳವನ್ನು ಪೂರ್ತಿ ಉಜ್ಜಿ, ತೊಳೆದು, ಬಿಸಿಲಿನಲ್ಲಿ ಒಣಗಿಸಿದರು. ಸಗಣಿ, ಹುಲ್ಲು ಇದ್ದರೆ ಕಿಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ಕೊಳೆ, ಪಸೆ ಇದ್ದರೆ ಬೆಸುಗೆಯೊಳಗೆ ಗುಳ್ಳೆ ಏಳುತ್ತದೆ. ಆಮೇಲೆ ಖಾಲಿ ಟ್ರೇಲರನ್ನು ಮೆಲ್ಲಗೆ ದೊಡ್ಡಬಳ್ಳಾಪುರದ ಮಂಜೇಶನ ವೆಲ್ಡಿಂಗ್ ಶೆಡ್‌ಗೆ ಒಯ್ದರು. ಗೇಟು, ಕಿಟಕಿ ಮಾಡುವವರು ದಾರಿಯಲ್ಲಿ ಬೇಕಾದಷ್ಟು ಜನ ಇದ್ದರು. ಮಮತ ಅಲ್ಲಿ ನಿಲ್ಲಿಸಲು ಬಿಡಲಿಲ್ಲ. ಮಂಜೇಶ ಅಲ್ಯೂಮಿನಿಯಂ ಕೆಲಸವನ್ನೇ ಕಲಿತವನು.

"ಗೇಟು ಮಾಡೋ ಮಿಷನ್ ಇದಕ್ಕೆ ಆಗಲ್ಲಮ್ಮ" ಅಂದ ಮಂಜೇಶ. "ಇದಕ್ಕೆ ಬೆಸುಗೆಗೆ ಗಾಳಿ ತಾಗದ ಹಾಗೆ ಆರ್ಗಾನ್ ಗ್ಯಾಸ್ ಬೇಕು, ಉಜ್ಜೋ ಬ್ರಷ್ ಕೂಡ ಬೇರೆ. ಕೊಳೆತಿರೋದನ್ನ ಗಟ್ಟಿ ಜಾಗ ಸಿಗೋವರೆಗೂ ಕತ್ತರಿಸಿ, ತಳ ಹೊರೋ ಅಡ್ಡಪಟ್ಟಿನೂ ಹೊಸದು ಹಾಕ್ತೀನಿ. ನೀವು ಮಾತ್ರ ಹತ್ರ ಬಂದು ಮುಟ್ಟಬೇಡಿ. ಕಬ್ಬಿಣ ಕಾದ್ರೆ ಕೆಂಪಗಾಗುತ್ತೆ. ಇದು ಎಷ್ಟು ಕಾದ್ರೂ ತಣ್ಣಗಿರೋ ಥರಾನೇ ಕಾಣುತ್ತೆ."

ಅವನು ಟ್ರ್ಯಾಕ್ಟರ್ ಬಿಡಿಸಿ ದೂರ ನಿಲ್ಲಿಸಿದ, ಟ್ರೇಲರ್‌ನ ಎರಡೂ ಕಡೆ ಬಾಗಿಲು ತೆರೆದ. ಬೋಲ್ಟ್ ಕತ್ತರಿಸಿ ಪ್ಲೇಟನ್ನು ಕೆಳಗೆ ಇಳಿಸಿದಾಗ ಮುನಿವೆಂಕಟಮ್ಮ ಅದರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಅದಕ್ಕೆ ಹೆಚ್ಚೇನೂ ಆಗಿರಲಿಲ್ಲ. ಅವಳಿಗೆ ದುಃಖ ಒತ್ತರಿಸಿಕೊಂಡು ಬಂತು, ಅತ್ತಳು. ಮಂಜೇಶ ಕೆಲಸ ನಿಲ್ಲಿಸಿ, ಟೀ ತರಲು ಹೋದ.

ಟ್ರೇಲರ್ ಸಿದ್ಧವಾದ ಮೇಲೆ ಅವನು ಇನ್ನೊಂದು ಮಾತು ಹೇಳಿದ. "ಭಾರ ಹಾಕಿ ನೋಡದೆ ದನ ಹತ್ತಿಸಬೇಡಿ. ಚಕ್ರಕ್ಕೆ ಕಲ್ಲು ಕೊಟ್ಟು, ಎರಡು ಹಸುವಿನ ಭಾರ ಹಾಕಿ. ಮೂಟೆ ಆಗ್ಲಿ, ಜನ ಆಗ್ಲಿ. ಒಂಚೂರು ಬಗ್ಗಿದ್ರೂ ವಾಪಸ್ ತನ್ನಿ."

"ಮೂಟೆ ನನ್ನತ್ರ ಇಲ್ಲ" ಅಂದಳು ಮುನಿವೆಂಕಟಮ್ಮ. ಜನವೂ ಇಲ್ಲ ಎಂದು ಬಾಯಿ ಬಿಟ್ಟು ಹೇಳಲಿಲ್ಲ.

ಮಮತ ಅಂದಳು, "ಹೋಗಿ ಕರಿ ಅಕ್ಕ. ಬಾಯಿ ಬಿಟ್ಟು ಕರೆದ್ರೆ ತಾನೇ ಬರೋದು."

ಮರುದಿನ ಮುನಿವೆಂಕಟಮ್ಮ ಕುಂಟುತ್ತ ಊರೊಳಗೆ ಹೋದಳು. ಗಂಡ ಹೋದ ಮೇಲೆ ಟ್ರ್ಯಾಕ್ಟರ್ ಇಲ್ಲದೆ ಅವಳು ಊರೊಳಗೆ ಕಾಲಿಟ್ಟದ್ದು ಅದೇ ಮೊದಲು. ಮೊದಲ ಮನೆಯ ಪಾಪಯ್ಯ ಜಗಲಿಯಿಂದ ಎದ್ದು ನಿಂತ.

"ನಮ್ಮ ಹಸು ಚೆನ್ನಾಗೈತಲ್ಲ ಮುನಿವೆಂಕಟಮ್ಮ, ಯಾಕೆ ಬಂದೆ?"

ಆ ಮಾತು ಅವಳಿಗೆ ನಾಟಿತು. ಜನ ಹಸುವಿಗೋಸ್ಕರ ಮಾತ್ರ ಬರುತ್ತಾರೆ ಎಂದು ಕೊರಗುತ್ತಿದ್ದ ತಾನು ಮಾಡಿದ್ದಾದರೂ ಏನು? "ಗಾಡಿ ಮೇಲೆ ನಿಂತ್ಕೊಳ್ಳೋಕೆ ಜನ ಬೇಕಿತ್ತು" ಅಂದಳು ತಲೆ ತಗ್ಗಿಸಿ. ಪಾಪಯ್ಯ ಚಪ್ಪಲಿ ಮೆಟ್ಟಿಕೊಂಡ.

ಸಂಜೆಗೆ ಅವಳ ಅಂಗಳ ತುಂಬಿತು. ಚಕ್ರಕ್ಕೆ ಕಲ್ಲು ಕೊಟ್ಟು ಒಬ್ಬೊಬ್ಬರಾಗಿ ಹತ್ತಿದರು. ಜಾಗ ಸಾಲದೆ ಭುಜಕ್ಕೆ ಭುಜ ತಾಗಿಸಿ ನಿಂತರು.

"ಲೇ ಪಾಪಯ್ಯ, ಅಲ್ಲಾಡ್ಬೇಡ" ಅಂದಳು ಬೈರಮ್ಮ.

"ಅಲ್ಲಾಡಪ್ಪ, ಚೆನ್ನಾಗಿ ಅಲ್ಲಾಡು, ಅದಕ್ಕೇ ಕರೆದಿರೋದು. ಹಸು ಏನು ಕಂಬದ ಥರ ನಿಂತಿರುತ್ತಾ?" ಅಂದಳು ಮಮತ.

ಎಲ್ಲರೂ ಒಟ್ಟಿಗೆ ತುಳಿದರು. ತಳ ಅದುರಲಿಲ್ಲ, ಬಗ್ಗಲಿಲ್ಲ. ನಡುವೆ ಸಿಕ್ಕಿಕೊಂಡಿದ್ದ ಮುನಿವೆಂಕಟಮ್ಮನಿಗೆ ಒಂದು ಕಡೆ ಬೈರಮ್ಮನ ಬೆವರಿದ ತೋಳು, ಇನ್ನೊಂದು ಕಡೆ ಯಾರದೋ ಸೊಸೆಯ ಕೈಬಳೆ ಒತ್ತುತ್ತಿತ್ತು. ಎರಡು ವರ್ಷದಿಂದ ಇಷ್ಟು ಹತ್ತಿರ ಯಾರೂ ಅವಳ ಪಕ್ಕ ನಿಂತಿರಲಿಲ್ಲ. ಮಮತ ಪಕ್ಕದಿಂದ ಟಾರ್ಚ್ ಬಿಟ್ಟು ಬೆಸುಗೆ ಪೂರ್ತಿ ನೋಡಿದಳು. "ಕಲ್ಲಿನ ಹಾಗಿದೆ, ಇಳೀರಿ" ಅಂದಳು.

ಜನ ಇಳಿದರು. ಚಪ್ಪಲಿ ಹುಡುಕಿಕೊಂಡರು. ಅಂಗಳ ಮತ್ತೆ ಖಾಲಿಯಾಗುತ್ತ ಬಂತು. ಮುನಿವೆಂಕಟಮ್ಮ ಮಾತ್ರ ಟ್ರೇಲರ್ ಮೇಲೇ ನಿಂತಿದ್ದಳು.

"ಮಮತ, ಇನ್ನೊಂದ್ಸಲ ನೋಡ್ಬಿಡೋಣ್ವಾ, ಗಟ್ಟಿ ಐತೋ ಇಲ್ವೋ ಅಂತ?"

ಗಟ್ಟಿಯಾಗಿದೆ ಎಂದು ಮಮತಳಿಗೆ ಗೊತ್ತಿತ್ತು. ಅವಳು ಟಾರ್ಚನ್ನು ಮತ್ತೆ ಹೊತ್ತಿಸಿದಳು. "ಹೂಂ. ಎಲ್ಲಾರೂ ಇನ್ನೊಂದ್ಸಲ ಹತ್ತಿ" ಅಂದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಹಳೆಯ ಅಲ್ಯೂಮಿನಿಯಂ ಟ್ರೇಲರ್ ಇದ್ದರೆ ಇವತ್ತೇ ಚಾಪೆ ಎತ್ತಿ ನೋಡಿ. ದನ ಇಳಿಸಿದಾಗಲೆಲ್ಲ ಚಾಪೆಯ ಕೆಳಗೂ ತೊಳೆದು ಒಣಗಿಸಿ. ಬಿಳಿ ಪುಡಿ, ಬಿರುಕು ಕಂಡರೆ ಕಬ್ಬಿಣದ ತೇಪೆ ಹಾಕಬೇಡಿ, ಅಲ್ಯೂಮಿನಿಯಂ ಬೆಸುಗೆ ಬಲ್ಲವರ ಹತ್ತಿರ ಹೋಗಿ, ಭಾರ ಹಾಕಿ ನೋಡಿದ ಮೇಲೆ ದನ ಹತ್ತಿಸಿ. ನಿಮ್ಮ ಊರಾಚೆಯೂ ಒಂದು ಒಂಟಿ ಮನೆ ಇರಬಹುದು. ಹಸು ಹುಷಾರಾಗಿರುವ ದಿನವೂ ಅಲ್ಲಿಗೆ ಒಮ್ಮೆ ಹೋಗಿ ಬನ್ನಿ.