ಹೋಗಿ ಬರ್ತೀನಿ ಎಂದ ಅಡುಗೆಯವನು

ದೇವರು ಕೆಲವರಿಗೆ ಮುಖ ಕೊಡುವಾಗಲೇ ಕೆಲಸವನ್ನೂ ಕೊಟ್ಟು ಕಳಿಸಿರುತ್ತಾನೆ. ಈ ನಟನಿಗೆ ಕೊಟ್ಟದ್ದು ಎಲ್ಲೋ ನೋಡಿದ್ದೇವಲ್ಲ ಅನ್ನಿಸುವ ಮುಖ. ಬಸ್ಸಿನಲ್ಲಿ ಪಕ್ಕ ಕೂತವರು ಅವನನ್ನು ಬ್ಯಾಂಕಿನ ಗುಮಾಸ್ತನೆಂದೋ, ಹಳೆಯ ನೆರೆಯವನೆಂದೋ ತಿಳಿದು ಮಾತಿಗಿಳಿಯುತ್ತಿದ್ದರು. ಹುಟ್ಟಿದ ದೇಶ ಬಿಟ್ಟು, ಸಮುದ್ರ ದಾಟಿ, ಬೇರೆ ಮಾತಿನ ಊರಿಗೆ ಬಂದವನಿಗೆ ಆ ಮುಖವೇ ಅನ್ನ ಹಾಕಿತು. ಟೀವಿ ಧಾರಾವಾಹಿಗಳಲ್ಲಿ ಅವನು ಟ್ಯಾಕ್ಸಿ ಓಡಿಸಿದ, ಹೋಟೆಲಿನಲ್ಲಿ ತಟ್ಟೆ ಎತ್ತಿದ, ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿದ. ಹೆಣವಾಗಿ ಮಲಗುವುದರಲ್ಲಂತೂ ಅವನನ್ನು ಮೀರಿಸುವವರಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲುಗುತ್ತಿರಲಿಲ್ಲ. ಆ ದೃಶ್ಯಗಳು ಬರುವ ದಿನ ಮಾತ್ರ ಅವನ ಹೆಂಡತಿ ಟೀವಿ ಮುಂದೆ ಕೂರುತ್ತಿರಲಿಲ್ಲ. "ಕಟ್ಟಿಕೊಂಡ ಗಂಡ ಎದುರಿಗೆ ಬದುಕಿ ಕೂತಿರುವಾಗ ಸತ್ತದ್ದನ್ನ ಯಾಕ್ರೀ ನೋಡಲಿ?" ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಅವನಿಗೆ ಮಾತು ಕೊಡುವವರಿರಲಿಲ್ಲ. ಆ ದೇಶದ ಭಾಷೆ ಅವನಿಗೆ ಬರುತ್ತಿತ್ತು, ಆದರೆ ಅದು ಬಾಯಿಂದ ಹೊರಬರುವಾಗ ಹುಟ್ಟೂರಿನ ರಾಗ ಹಿಡಿದುಕೊಂಡೇ ಬರುತ್ತಿತ್ತು. "ಮುಖ ಚೆನ್ನಾಗಿದೆ, ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಚೆನ್ನಾಗಿರುತ್ತದೆ" ಎಂದು ಒಬ್ಬ ನಿರ್ದೇಶಕ ಎದುರಿಗೇ ಅಂದಿದ್ದ. ನಟ ಅದನ್ನು ಬೈಗುಳವೆಂದು ಎಣಿಸಲಿಲ್ಲ. ಪ್ರತಿದಿನ ಸೆಟ್ಟಿಗೆ ಕಾಲಿಡುವ ಮೊದಲು ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಮೊದಮೊದಲು ಲೈಟಿನವನು ಟಾರ್ಚ್ ಹಿಡಿದು ಓಡಿ ಬಂದು, "ಏನು ಬೀಳಿಸಿಕೊಂಡ್ರಿ? ಗುಂಡಿಯಾ?" ಎಂದು ತಾನೂ ಹುಡುಕುತ್ತಿದ್ದ.

ಕೊನೆಗೊಮ್ಮೆ ಒಂದು ನೆಲೆ ಸಿಕ್ಕಿತು. ಬಹಳ ಕಾಲದಿಂದ ನಡೆಯುತ್ತಿದ್ದ ಧಾರಾವಾಹಿಯೊಂದರಲ್ಲಿ ಸಿರಿವಂತ ವಿಧವೆಯೊಬ್ಬಳ ಮನೆ. ಆ ವಿಧವೆಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಆಕೆ ಕಣ್ಣೆತ್ತಿದರೆ ಸೆಟ್ಟಿನಲ್ಲಿ ಕೆಮ್ಮು ಕೂಡ ನಿಲ್ಲುತ್ತಿತ್ತು. ಆ ಮನೆಯ ಅಡುಗೆಯವನಾಗಿ ನಮ್ಮ ನಟ ಸೇರಿದ. ಒಲೆ ಬೆಂಕಿಯಿಲ್ಲದ್ದು, ಪಾತ್ರೆ ಖಾಲಿ. ಅದನ್ನು ಶ್ರದ್ಧೆಯಿಂದ ತಿರುವುವುದು, ತಟ್ಟೆ ತಂದಿಡುವುದು, ಎಂದಾದರೊಮ್ಮೆ "ಆಗಲಿ ಅಮ್ಮ" ಎನ್ನುವುದು. ಇಷ್ಟೇ ಕೆಲಸ, ಆದರೆ ವರ್ಷಗಟ್ಟಲೆ ನಡೆಯಿತು.

ಹೆಂಡತಿಯ ತಮ್ಮನಿಗೆ ಆ ಊರಿನಲ್ಲಿ ಒಂದು ಲಾಂಡ್ರಿ ಇತ್ತು. ಅವಳು ಅಲ್ಲೇ ಮೂಲೆಯಲ್ಲಿ ಕೂತು ಹರಿದ ಬಟ್ಟೆ ಹೊಲಿಯುತ್ತಿದ್ದಳು. ಭಾವಮೈದುನನಿಗೆ ಭಾವನನ್ನು ಕಂಡರೆ ಪ್ರೀತಿಯೂ ಹೌದು, ಕೀಟಲೆಯೂ ಹೌದು.

"ಭಾವ, ನಿನ್ನೆ ನಿಮ್ಮ ಅರ್ಧ ಕಿವಿ ಟೀವೀಲಿ ಬಂತು. ಏನು ಅಭಿನಯ ಅದು! ಕಿವಿ ಅಂದ್ರೆ ಕಿವಿ."

"ಸುಮ್ನಿರೋ," ಎಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ನಾನೇನು ತಪ್ಪು ಹೇಳ್ದೆ ಅಕ್ಕ? ಭಾವನಿಗೆ ಅವರು ಕೊಟ್ಟಿರೋದು ಪಾತ್ರೆ, ಪಾತ್ರ ಅಲ್ಲ. ಮನೇಲಿ ನೀರು ಕಾಯಿಸೋಕೆ ಬರದವರನ್ನ ಅಡುಗೆಯವರು ಮಾಡಿದ್ದಾರೆ. ಭಾವ, ನಾನು ಇನ್ನೊಂದು ಅಂಗಡಿ ತೆಗೀತಿದ್ದೀನಿ. ನೋಡ್ಕೊಳ್ಳೋಕೆ ನಮ್ಮವರು ಬೇಕು. ಬಂದುಬಿಡಿ."

ನಟ ನಕ್ಕು ಹೇಳಿದ: "ಈ ಪಾತ್ರೆ ನನ್ನ ಕೈಯಿಂದ ಬೀಳೋ ತನಕ ಬಿಡು. ಬಿದ್ದ ದಿನ ವೇಷ ಬಿಚ್ಚಿಟ್ಟು ಬರ್ತೀನಿ. ಮಾತು ಕೊಟ್ಟೆ."

ಕೊಟ್ಟ ಮಾತು ಕೂಗಿ ಕರೆಯಿತೋ ಏನೋ, ಕಥೆ ಬರೆಯುವವನು ಅಡುಗೆಯವನನ್ನು ಕಳಿಸಿಬಿಡಲು ನಿರ್ಧರಿಸಿದ. ಹೊಸ ಕಥೆಯಲ್ಲಿ ಒಡತಿಯ ಒಡವೆ ಕದಿಯುವವನು ಮನೆಯ ಅಳಿಯ. ಅಪವಾದ ಬರುವುದು ಅಡುಗೆಯವನ ಮೇಲೆ. ಅವನು ಚೀಲ ಎತ್ತಿಕೊಂಡು ಹೊರಡುತ್ತಾನೆ, ಮರಳಿ ಬರುವುದಿಲ್ಲ. ಕೊನೆಯ ದೃಶ್ಯದಲ್ಲಿ ಅವನು ಒಡತಿಯ ಮುಂದೆ ನಿಂತು "ನಾನು ಹೋಗುತ್ತೇನೆ" ಅನ್ನಬೇಕು. ಆಕೆ ಉತ್ತರ ಕೊಡದೆ ಗೋಡೆಯ ಕಡೆ ಮುಖ ತಿರುಗಿಸಬೇಕು. ಅಷ್ಟೇ.

ಆ ದಿನ ಎಲ್ಲರಿಗೂ ಅವಸರ. ಆ ಸೆಟ್ಟನ್ನು ಸಂಜೆಯೊಳಗೆ ಕಳಚಿ ಜಾಗ ಬಿಟ್ಟುಕೊಡಬೇಕಿತ್ತು, ಬಡಗಿಗಳು ಸುತ್ತಿಗೆ ಹಿಡಿದು ಕಾಯುತ್ತಿದ್ದರು. ನಿರ್ದೇಶಕ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂಬುದನ್ನಷ್ಟೇ ತೋರಿಸಿ, "ಮಾತು ಎರಡೇ ಅಲ್ಲವೇ, ನೇರ ತೆಗೆದುಬಿಡೋಣ" ಎಂದ.

ಕ್ಯಾಮೆರಾ ತಿರುಗಿತು. ನಟ ಚೀಲ ಹಿಡಿದು ಬಂದು ನಿಂತ. ದೊಡ್ಡಮ್ಮ ತಲೆ ತಗ್ಗಿಸಿ ಕೂತಿದ್ದಳು. ಅವನು ಬಾಯಿ ತೆರೆದ, ಮಾತು ಬರಲಿಲ್ಲ.

ನಮ್ಮಲ್ಲಿ ಯಾರೂ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ. ಅಂಗಡಿಗೆ ಹೋಗಲಿ, ಪರದೇಶಕ್ಕೆ ಹೋಗಲಿ, ಹೋಗಿ ಬರ್ತೀನಿ ಅನ್ನಬೇಕು. ಬರೀ ಹೋಗ್ತೀನಿ ಎಂದು ಹೋಗುವವನು ಒಬ್ಬನೇ, ಅವನು ನಾಲ್ಕು ಜನರ ಹೆಗಲ ಮೇಲೆ ಹೋಗುತ್ತಾನೆ. ಚಿಕ್ಕಂದಿನಲ್ಲಿ ನಟ ಒಮ್ಮೆ ಬಾಯಿ ತಪ್ಪಿ ಹಾಗೆ ಅಂದಾಗ ಅವನ ಅಜ್ಜಿ ಬೀದಿಯ ಕೊನೆಯಿಂದ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸಿದ್ದಳು. ಹೆಣವಾಗಿ ಎಷ್ಟೋ ಸಲ ಮಲಗಿದ್ದವನಿಗೆ ಈ ಒಂದು ಮಾತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ಆ ದೇಶದ ಭಾಷೆಯಲ್ಲಿ, ಆ ದೇಶದವರು ಯಾರೂ ಎಂದೂ ಜೋಡಿಸದ ರೀತಿಯಲ್ಲಿ, ಅವನ ಬಾಯಿಂದ ಬಂದದ್ದು ಇದು:

"ಅಮ್ಮ, ಹೋಗಿ ಬರುತ್ತೇನೆ."

ದೊಡ್ಡಮ್ಮ ಗೋಡೆಯ ಕಡೆ ತಿರುಗಬೇಕಾಗಿತ್ತು. ತಿರುಗಲಿಲ್ಲ. ತಲೆ ಎತ್ತಿ ಅವನನ್ನೇ ನೋಡಿದಳು. ಬರೆದುಕೊಡದ ಒಂದು ಮಾತು ಆಕೆಯ ಗಂಟಲಿನಿಂದ ಬಂತು.

"ಬಾ."

ಅವನು ಹೊರಗೆ ನಡೆದ. ಬಡಗಿಗಳು ಒಳಗೆ ನುಗ್ಗಿದರು.

ಕಥೆ ಬರೆಯುವವನು ತಲೆ ಚಚ್ಚಿಕೊಂಡ. "ಬಾ ಅಂದ್ರೆ ಏನರ್ಥ ದೊಡ್ಡಮ್ಮ? ಅವನು ಕಳ್ಳ ಅಂತ ನೀವು ನಂಬಬೇಕು! ನಂಬದೆ ಹೋದ್ರೆ ಮುಂದಿನ ಕಥೆ ಎಲ್ಲಾ ಮಣ್ಣುಪಾಲು!"

"ಬರ್ತೀನಿ ಅಂದವನಿಗೆ ಬಾ ಅನ್ನದೆ ಬೇಡ ಅನ್ನಲಾ? ಬಾಯಿ ತಾನಾಗೇ ಹೇಳ್ತು. ನಾನೇನು ಮಾಡ್ಲಿ?"

ಮತ್ತೆ ತೆಗೆಯೋಣವೆಂದರೆ ಗೋಡೆಯೇ ಇರಲಿಲ್ಲ. ಅದನ್ನು ಆಗಲೇ ಇಬ್ಬರು ಹೊತ್ತುಕೊಂಡು ಹೋಗುತ್ತಿದ್ದರು. ನಿರ್ದೇಶಕ ಮಾತ್ರ ತೆಗೆದದ್ದನ್ನು ಮತ್ತೆ ಮತ್ತೆ ನೋಡುತ್ತಾ ಕೂತಿದ್ದ. ನಟ ಎಲ್ಲರ ಹತ್ತಿರ ಕ್ಷಮೆ ಕೇಳಿ ಮನೆಗೆ ಬಂದ.

"ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತು ಕೊಟ್ಟರು ಕಣೆ. ಅದನ್ನೂ ಕೆಡಿಸಿ ಬಂದೆ," ಎಂದು ಹೆಂಡತಿಗೆ ಹೇಳಿದ.

ಅವಳು ನಡೆದದ್ದನ್ನೆಲ್ಲ ಕೇಳಿ, "ನೀವೇನಾದ್ರೂ ಬರೀ ಹೋಗ್ತೀನಿ ಅಂದಿದ್ರೆ ನಾನು ಟೀವಿ ಎತ್ತಿ ಬೀದಿಗೆ ಎಸೀತಿದ್ದೆ. ಬನ್ನಿ, ಊಟ ಮಾಡಿ," ಎಂದಳು.

ಕೊಟ್ಟ ಮಾತಿನಂತೆ ಅವನು ಲಾಂಡ್ರಿ ಸೇರಿದ; ಹೊಸ ಅಂಗಡಿ ತೆರೆಯುವ ತನಕ ಹಳೆಯದರಲ್ಲೇ ಕೆಲಸ. ಇಸ್ತ್ರಿ ಪೆಟ್ಟಿಗೆಯ ಹಬೆಯಲ್ಲಿ ಅಂಗಿಯ ತೋಳುಗಳನ್ನು ಮಡಚುವಾಗಲೂ ಅವನ ತುಟಿ ಒಳಗೊಳಗೇ ಏನನ್ನೋ ಆಡುತ್ತಿತ್ತು. ಇನ್ನೊಬ್ಬರ ಅಂಗಿಗಳನ್ನು ನೋಡಿ ಇದನ್ನು ತೊಟ್ಟವನು ಹೇಗೆ ನಡೆಯುತ್ತಾನೆ, ಹೇಗೆ ಸಿಟ್ಟು ಮಾಡುತ್ತಾನೆ ಎಂದು ಯೋಚಿಸುವ ಚಟ ಬಿಡಲಿಲ್ಲ. ಹೆಂಡತಿ ಅದನ್ನು ಕಂಡೂ ಕಾಣದ ಹಾಗೆ ಇದ್ದಳು. ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಅವಳು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಆಮೇಲೆ ಆ ಕಂತು ಪ್ರಸಾರವಾಯಿತು.

ಮರುದಿನ ಬೆಳಿಗ್ಗೆ ಕೋಟು ಕೊಡಲು ಬಂದ ಹೆಂಗಸು ಕೋಟನ್ನು ಕೈಯಲ್ಲೇ ಹಿಡಿದು ನಿಂತಳು. "ನೀವು... ಅಡುಗೆಯವರು! ಬರ್ತೀನಿ ಅಂದ್ರಲ್ಲ, ಯಾವಾಗ ಬರ್ತೀರಿ? ಆ ಅಳಿಯ ಒಳ್ಳೆಯವನಲ್ಲ. ಅಮ್ಮ ಒಬ್ಬರೇ ಇದ್ದಾರೆ."

"ಅಮ್ಮ, ಅದು ನಾಟಕ," ಎಂದ ನಟ.

"ಗೊತ್ತು. ಯಾವಾಗ ಬರ್ತೀರಿ, ಅದನ್ನ ಹೇಳಿ."

ಸುದ್ದಿ ಹಬ್ಬಿತು. ಬಾಗಿಲ ಹೊರಗೆ ಸಾಲು ನಿಂತಿತು. ಜನ ಗಂಟು ಬಿಚ್ಚಿ ಕೊಡುವ ಬಟ್ಟೆ ನೋಡಿ ಭಾವಮೈದುನ ಕೆಂಡವಾದ. "ಅಕ್ಕ, ಇದನ್ನ ನೋಡು, ನಿನ್ನೆ ನಾನೇ ಒಗೆದು ಕೊಟ್ಟ ಅಂಗಿ! ಮಡಿಕೆ ಕೂಡ ಬಿಚ್ಚಿಲ್ಲ. ಒಗೆದದ್ದನ್ನೇ ಒಗೆಯೋಕೆ ತರ್ತಿದ್ದಾರೆ! ಒಬ್ಬ ಮುದುಕಪ್ಪ ಕಿಸೆಯಿಂದ ಕರವಸ್ತ್ರ ತೆಗೆದುಕೊಟ್ಟು, ಇಲ್ಲೇ ಕಾಯ್ತೀನಿ, ನಿಧಾನವಾಗಿ ಮಾಡಿ ಅಂತಾನೆ!"

ಶಾಲೆಯಿಂದ ಹೊರಡುವ ಮಕ್ಕಳು ಗೇಟಿನಲ್ಲಿ ಒಬ್ಬರಿಗೊಬ್ಬರು, ಅವನ ರಾಗದಲ್ಲೇ, "ಹೋಗಿ ಬರುತ್ತೇನೆ" ಎನ್ನುತ್ತಿದ್ದರು. ಎದುರಿನವರು "ಬಾ" ಎನ್ನುತ್ತಿದ್ದರು. ಆ ದೇಶದ ಭಾಷೆಯಲ್ಲಿ ಬೀಳ್ಕೊಡುವ ಮಾತು ಇದ್ದದ್ದು ಒಂದೇ, ಅದೂ ಬಾಗಿಲು ಮುಚ್ಚಿದ ಹಾಗೆ ಕೇಳುತ್ತಿತ್ತು. ಅವರಿಗೆ ಗೊತ್ತಿಲ್ಲದೆ ಅವರಿಗೊಂದು ಮಾತು ಬೇಕಾಗಿತ್ತೋ ಏನೋ. ದೇವರು ಯಾವುದನ್ನು ಯಾರ ತಪ್ಪಿನ ಕೈಯಲ್ಲಿ ಕಳಿಸುತ್ತಾನೆ, ಹೇಳುವವರು ಯಾರು.

ಒಂದು ಮಧ್ಯಾಹ್ನ ನಿರ್ದೇಶಕನೇ ಬಂದ. ನೇರ ಒಳಗೆ ನುಗ್ಗಲು ಹೋದವನನ್ನು ಭಾವಮೈದುನ ತಡೆದ. "ಸಾಲಲ್ಲಿ ಬನ್ನಿ ಸ್ವಾಮಿ. ಬಟ್ಟೆ ಎಲ್ಲಿ?"

"ಬಟ್ಟೆ ಇಲ್ಲ. ನಾನು..."

"ಬಟ್ಟೆ ಇಲ್ಲದವರಿಗೆ ಇಲ್ಲಿ ಕೆಲಸ ಇಲ್ಲ."

ನಿರ್ದೇಶಕ ಮೈಮೇಲಿನ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ಮುದುಕಪ್ಪನ ಹಿಂದೆ ನಿಂತ. ಸರದಿ ಬಂದಾಗ ಕೋಟನ್ನು ಮೇಜಿನ ಮೇಲೆ ಇಟ್ಟು ಹೇಳಿದ: "ಕಥೆ ಬರೆಯುವವನು ಸೋತ. ಅಳಿಯ ಬಾಯಿ ತೆರೆದರೆ ಸಾಕು, ಅಡುಗೆಯವನು ಎಲ್ಲಿ ಅಂತ ಜನ ಕೇಳುತ್ತಾರೆ. ದೊಡ್ಡಮ್ಮನೂ ಹಟ ಹಿಡಿದಿದ್ದಾರೆ. 'ನಾನು ಬಾ ಅಂದಿದ್ದೀನಿ, ಅವನನ್ನ ಕರೆಸಿ, ನನ್ನ ಮಾತು ಸುಳ್ಳು ಮಾಡಬೇಡಿ' ಅಂತಾರೆ. ಬನ್ನಿ. ಈ ಸಲ ಪುಟಗಟ್ಟಲೆ ಮಾತಿದೆ. ಉಚ್ಚಾರಣೆ ತಿದ್ದೋಕೆ ಒಬ್ಬ ಮೇಷ್ಟ್ರನ್ನೂ ಗೊತ್ತು ಮಾಡ್ತೀನಿ."

ನಟ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ. ಹೆಂಡತಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿ ಸಿಕ್ಕಿಸುವ ಪುಟ್ಟ ದಿಂಬಿಗೆ ಚುಚ್ಚಿದಳು.

"ಬರ್ತಾರೆ," ಎಂದಳು. "ಮೇಷ್ಟ್ರು ಬೇಡ. ಜನ ಕೇಳಿ ಬಂದಿರೋದು ಈ ಬಾಯನ್ನ. ಇದನ್ನ ತಿದ್ದಿ ಇನ್ನೊಂದು ಬಾಯಿ ಮಾಡೋದಾದ್ರೆ ಆ ಇನ್ನೊಬ್ಬರನ್ನೇ ಕರ್ಕೊಂಡು ಹೋಗಿ."

ನಿರ್ದೇಶಕ ಅವಳನ್ನು ನೋಡಿದ, ನಟನನ್ನು ನೋಡಿದ. "ಹಾಗೇ ಆಗಲಿ," ಎಂದ.

ಚಿತ್ರೀಕರಣದ ದಿನ ಭಾವಮೈದುನನೇ ಲಾಂಡ್ರಿಯ ವ್ಯಾನಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೋದ. ಬಿಟ್ಟು ಹೊರಡುತ್ತೇನೆಂದವನು ಒಳಗೆ ಬಂದು, ವೈರುಗಳ ನಡುವೆ ಅಕ್ಕನ ಪಕ್ಕ ನಿಂತುಬಿಟ್ಟ.

ಗೋಡೆಗಳು ಮತ್ತೆ ಎದ್ದಿದ್ದವು. ಒಡತಿ ಕೇಳುತ್ತಾಳೆ: ಕದ್ದವನು ಯಾರೆಂದು ಗೊತ್ತಿದ್ದೂ ಯಾಕೆ ಸುಮ್ಮನೆ ಹೋದೆ? ಅಡುಗೆಯವನು ಉತ್ತರ ಹೇಳಬೇಕು. ನಟ ಧ್ವನಿ ಏರಿಸಲಿಲ್ಲ. ತನ್ನ ರಾಗದಲ್ಲಿ, ತನ್ನ ನಿಧಾನದಲ್ಲಿ ಶುರುಮಾಡಿದ.

"ಅಮ್ಮ, ಕಳ್ಳ ಅನ್ನಿಸಿಕೊಂಡು ಹೋದರೆ ಹೋಗುವುದು ಒಬ್ಬನ ಮಾನ. ನಾನು ಬಾಯಿ ಬಿಟ್ಟಿದ್ದರೆ ನಿಮ್ಮ ಮಗಳ ಮನೆಯೇ ಹೋಗುತ್ತಿತ್ತು. ಈ ಮನೆಯಲ್ಲಿ ಅವಳಿಗೆ ಮೊದಲ ತುತ್ತು ಕಲಸಿದ ಕೈ ಇದು. ಈ ಕೈಯಿಂದ ಆ ಮನೆಯ ಒಲೆ ಆರಿಸಲಾ?"

ಮಾತು ಮುಂದೆ ಹೋಯಿತು. ಲೈಟಿನವನು ಕಂಬಕ್ಕೆ ಒರಗಿದವನು ಹಾಗೇ ನಿಂತ. ಬಡಗಿಯೊಬ್ಬ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ, ದೊಡ್ಡವರ ಮುಂದೆ ಟೋಪಿ ತೆಗೆಯುವ ಹಾಗೆ. ನಟ ಕೊನೆಯ ಮಾತು ಮುಗಿಸಿ ನಿಂತ. ನಿರ್ದೇಶಕ "ಆಯಿತು" ಎಂದ.

"ಇನ್ನೊಂದು ಸಲ ತೆಗೀರಿ," ಎಂದಳು ದೊಡ್ಡಮ್ಮ.

ನಿರ್ದೇಶಕ ಬೆರಗಾದ. "ಯಾಕೆ ದೊಡ್ಡಮ್ಮ? ಅವರು ಒಂದಕ್ಷರ ತಪ್ಪಲಿಲ್ಲವಲ್ಲ."

"ಅವರದು ಸರಿಯಾಗೇ ಬಂತು. ತಪ್ಪಿದ್ದು ನಾನು. ಕೇಳ್ತಾ ಕೇಳ್ತಾ ಅಭಿನಯ ಮಾಡೋದನ್ನೇ ಮರೆತು ಕೂತೆ." ಆಕೆ ನಟನ ಕಡೆ ತಿರುಗಿದಳು. "ನಿಮಗೆ ತೊಂದರೆ ಇಲ್ಲ ತಾನೇ? ನಿಮ್ಮ ಸಮಕ್ಕೆ ಬರೋಕೆ ನನಗೆ ಇನ್ನೊಂದು ಅವಕಾಶ ಬೇಕು."

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಟ ವೈರುಗಳ ಆಚೆ ನಿಂತಿದ್ದ ಭಾವಮೈದುನನ ಕಡೆ ನೋಡಿದ. ಅವನ ಕಣ್ಣೂ ಕೆಂಪಾಗಿತ್ತು.

"ಹೊತ್ತಾಯ್ತಲ್ಲೋ," ಎಂದ ನಟ ಮೆಲ್ಲಗೆ, "ಅಂಗಡಿ ಕಥೆ?"

"ಅಂಗಡಿ ನಾನು ನೋಡ್ಕೋತೀನಿ ಭಾವ. ನಾಳೆಯಿಂದ ಬೇರೆ ಯಾರನ್ನಾದ್ರೂ ಇಟ್ಕೋತೀನಿ. ನೀವು ಹೇಳಿ, ಇನ್ನೊಂದ್ಸಲ ಕೇಳೋಣ."

ಲೈಟು ಹತ್ತಿತು. ನಟ ಮೊದಲ ಮಾತಿನಿಂದ ಶುರುಮಾಡಿದ.